ಕಾರ್ ಕೀ ಹಿಡಿ ಮುರಿದಿದೆ, ಇಮ್ಮೊಬಿಲೈಜರ್ ಲೈಟ್ ಮಿನುಗುತ್ತಿದೆ: ಇಸಿಯು ಸಮೇತ ಬದಲಿಸಲೇಬೇಕಾ?

ಹಳೇಗಾಡಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನದು ಹತ್ತು ವರ್ಷ ದಾಟಿದ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಸೆಕೆಂಡ್ ಹ್ಯಾಂಡ್ ಗಾಡಿ, ಕೈಗೆ ಬಂದಾಗಲೇ ಒಂದೇ ಕೀ ಇತ್ತು. ಮಡಚುವ ಕೀ ಅಲ್ಲ. ಬ್ಲೇಡ್ ನೇರವಾಗಿ ಪ್ಲಾಸ್ಟಿಕ್ ಹಿಡಿಯೊಳಗೆ ಕೂತಿರುತ್ತದೆ, ಹಿಡಿ ಮೇಲೆ ಲಾಕ್ ಮತ್ತು ಅನ್‌ಲಾಕ್ ಬಟನ್ ಇವೆ.

ನಿನ್ನೆ ಸ್ಟಾರ್ಟ್ ಮಾಡಲು ಹೋದಾಗ ಹಿಡಿ ಹೋಳಾಗಿ ಕೈಗೆ ಬಂತು. ಬ್ಲೇಡ್ ಇಗ್ನಿಷನ್‌ನಲ್ಲೇ ನಿಂತಿತು. ಇಕ್ಕಳದಲ್ಲಿ ಹಿಡಿದು ಆಫ್ ಜಾಗಕ್ಕೆ ತಿರುಗಿಸಿ ಹೊರಗೆ ತೆಗೆದೆ. ಬ್ಲೇಡ್ ಪೂರ್ತಿ ಇದೆ, ಹಲ್ಲು ಒಂದೂ ಮುರಿದಿಲ್ಲ. ಹಿಡಿಯೊಳಗಿದ್ದ ಹಸಿರು ಸರ್ಕ್ಯೂಟ್ ಬೋರ್ಡ್ ಕೂಡ ಸರಿಯಾಗಿದೆ. ಅದರ ಬಟನ್ ಒತ್ತಿದರೆ ಈಗಲೂ ಬಾಗಿಲು ಲಾಕ್ ಆಗುತ್ತದೆ, ತೆರೆಯುತ್ತದೆ.

ಸಮಸ್ಯೆ ಏನೆಂದರೆ, ಬ್ಲೇಡನ್ನು ಇಕ್ಕಳದಿಂದ ತಿರುಗಿಸಿದರೆ ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಹತ್ತಿಕೊಳ್ಳುತ್ತದೆ, ತಕ್ಷಣ ನಿಂತುಹೋಗುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ಕೀ ಚಿತ್ರದ ಕೆಂಪು ಲೈಟ್ ಪಟಪಟನೆ ಮಿನುಗುತ್ತದೆ. ಸರ್ಕ್ಯೂಟ್ ಬೋರ್ಡನ್ನು ಇಗ್ನಿಷನ್ ಪಕ್ಕಕ್ಕೇ ಹಿಡಿದು ನೋಡಿದೆ. ಏನೂ ವ್ಯತ್ಯಾಸವಿಲ್ಲ.

ಒಂದು ಗ್ಯಾರೇಜ್‌ಗೆ ಫೋನ್ ಮಾಡಿದರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಇಗ್ನಿಷನ್ ಲಾಕ್, ಬಾಗಿಲ ಲಾಕ್ ಎಲ್ಲ ಸೆಟ್ ಆಗಿ ಬದಲಿಸಬೇಕು, ಬೇರೆ ದಾರಿ ಇಲ್ಲ ಎಂದರು. ಒಂದು ಪ್ಲಾಸ್ಟಿಕ್ ಹಿಡಿ ಮುರಿದದ್ದಕ್ಕೆ ಇಷ್ಟೆಲ್ಲಾ ಬೇಕಾ? ಆನ್‌ಲೈನ್‌ನಲ್ಲಿ ಬರೀ ಖಾಲಿ ಹಿಡಿ ಸಿಗುತ್ತದೆ. ಅದನ್ನು ತಗೊಂಡು ಬೋರ್ಡ್ ಒಳಗೆ ಕೂರಿಸಿದರೆ ಸಾಕಾ? ಗೊತ್ತಿದ್ದವರು ದಯವಿಟ್ಟು ಹೇಳಿ. ಗಾಡಿ ನಿಂತಲ್ಲೇ ನಿಂತಿದೆ.

ಎರಡನೇ ಗೇರ್

ಮೊದಲು ರಿಮೋಟ್ ಬ್ಯಾಟರಿ ಬದಲಿಸಿ ನೋಡಿ. ಬ್ಯಾಟರಿ ವೀಕ್ ಆದರೆ ಕಾರು ಕೀಯನ್ನು ಗುರುತಿಸುವುದಿಲ್ಲ ಅಂತ ಕೇಳಿದ್ದೇನೆ. ಆಮೇಲೆ ಗಾಡಿಯ ಬ್ಯಾಟರಿ ಟರ್ಮಿನಲ್ ಹತ್ತು ನಿಮಿಷ ಕಳಚಿ ಮತ್ತೆ ಹಾಕಿ. ಕೆಲವೊಮ್ಮೆ ಎಲ್ಲ ರೀಸೆಟ್ ಆಗಿ ಸರಿಹೋಗುತ್ತದೆ.

ಕೀ ಕೆಲಸ

ಹಳೇಗಾಡಿಯವರೇ, ಸ್ವಲ್ಪ ತಡೆಯಿರಿ. ಇಸಿಯು ಮುಟ್ಟಲು ಯಾರಿಗೂ ಬಿಡಬೇಡಿ. ನಿಮ್ಮ ಇಸಿಯು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಗುರುತಿಲ್ಲದ ಕೀ ಬಂದಿದೆ ಎಂದು ಎಂಜಿನ್ ನಿಲ್ಲಿಸುತ್ತಿದೆ, ಅಷ್ಟೇ. ಈ ಕಾವಲು ವ್ಯವಸ್ಥೆಗೇ ಇಮ್ಮೊಬಿಲೈಜರ್ ಅನ್ನುವುದು. ಹತ್ತಿಕೊಂಡು ಕೂಡಲೇ ನಿಲ್ಲುವುದು, ಕೀ ಲೈಟ್ ಮಿನುಗುವುದು, ಇವೆರಡೂ ಒಟ್ಟಿಗೆ ಬಂದರೆ ಕಾರಿಗೆ ಕೀಯೊಳಗಿನ ಗುರುತಿನ ಚಿಪ್ ಕಾಣುತ್ತಿಲ್ಲ ಎಂದೇ ಅರ್ಥ. ನಾನು ವಾಹನದ ಕೀ ಕತ್ತರಿಸಿ ಪ್ರೋಗ್ರಾಮ್ ಮಾಡುವ ಕೆಲಸವನ್ನೇ ಮಾಡುತ್ತೇನೆ, ಹಾಗಾಗಿ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ನಿಮ್ಮ ಬರಹದಲ್ಲಿ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಬೋರ್ಡ್ ಇಗ್ನಿಷನ್ ಹತ್ತಿರ ಹಿಡಿದರೂ ಎಂಜಿನ್ ನಿಲ್ಲುತ್ತಿದೆ ಎಂದಿರಿ. ಹಾಗಾದರೆ ನಿಮ್ಮ ಚಿಪ್ ಆ ಬೋರ್ಡ್ ಮೇಲೆ ಇಲ್ಲ. ಅದು ಬೇರೆಯೇ ಒಂದು ಚಿಕ್ಕ ತುಂಡು. ಹಿಡಿ ಒಡೆದಾಗ ಜಾರಿ ಬಿದ್ದಿರುವ ಸಾಧ್ಯತೆಯೇ ಜಾಸ್ತಿ.

ಇಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. ನಿಮ್ಮ ಕೀ ಒಳಗೆ ಮೂರು ಸಂಬಂಧವಿಲ್ಲದ ವಸ್ತುಗಳು ಒಂದೇ ಪ್ಲಾಸ್ಟಿಕ್‌ನಲ್ಲಿ ವಾಸ ಮಾಡುತ್ತಿದ್ದವು. ಬ್ಲೇಡ್ ಲಾಕನ್ನು ತಿರುಗಿಸುತ್ತದೆ. ರಿಮೋಟ್ ಬೋರ್ಡ್ ಬಾಗಿಲು ತೆರೆಯುತ್ತದೆ. ಅದು ಬ್ಯಾಟರಿಯಿಂದ ನಡೆಯುತ್ತದೆ, ಸಾಮಾನ್ಯವಾಗಿ 433.92 ಅಥವಾ 315 ಮೆಗಾಹರ್ಟ್ಸ್‌ನಲ್ಲಿ ಸಿಗ್ನಲ್ ಕಳಿಸುತ್ತದೆ. ಮೂರನೆಯದು ಟ್ರಾನ್ಸ್‌ಪಾಂಡರ್, ಅಂದರೆ ನಾವು ಚಿಪ್ ಅನ್ನುವುದು. ಇದಕ್ಕೆ ಬ್ಯಾಟರಿಯೇ ಬೇಡ. ಇಗ್ನಿಷನ್ ಲಾಕ್‌ನ ಬಾಯಿಯ ಸುತ್ತ ಪ್ಲಾಸ್ಟಿಕ್ ಉಂಗುರವೊಂದಿದೆ, ಅದರೊಳಗೆ ತಾಮ್ರದ ತಂತಿ ಸುತ್ತಿರುತ್ತದೆ. ಕೀ ಆನ್ ಮಾಡಿದಾಗ ಆ ಉಂಗುರ 125 ಕಿಲೋಹರ್ಟ್ಸ್‌ನಲ್ಲಿ ಕಾಂತಕ್ಷೇತ್ರ ಹುಟ್ಟಿಸುತ್ತದೆ. ಕೆಲವು ಗಾಡಿಗಳಲ್ಲಿ 134.2. ಚಿಪ್ ಒಳಗೂ ಒಂದು ಪುಟ್ಟ ಸುರುಳಿ ಇದೆ. ಉಂಗುರದ ಕ್ಷೇತ್ರದಿಂದಲೇ ಅದು ತನಗೆ ಬೇಕಾದ ವಿದ್ಯುತ್ ಪಡೆದು ಉತ್ತರ ಕೊಡುತ್ತದೆ.

ಎರಡನೇ ಗೇರ್ ಅವರೇ, ನೀವು ಒಳ್ಳೆಯ ಮನಸ್ಸಿಂದ ಹೇಳಿದಿರಿ, ಆದರೆ ಈ ಕಾರಣಕ್ಕೇ ರಿಮೋಟ್ ಬ್ಯಾಟರಿ ಬದಲಿಸಿ ಪ್ರಯೋಜನ ಇಲ್ಲ. ಬ್ಯಾಟರಿ ಪೂರ್ತಿ ಸತ್ತ ಕೀಯಿಂದಲೂ ಇಂಥ ಗಾಡಿ ಸ್ಟಾರ್ಟ್ ಆಗುತ್ತದೆ. ಗಾಡಿಯ ಬ್ಯಾಟರಿ ಕಳಚಿದರೂ ಏನೂ ಬದಲಾಗುವುದಿಲ್ಲ. ಯಾವ ಯಾವ ಕೀ ತನ್ನದು ಎಂಬ ಲೆಕ್ಕವನ್ನು ಕಾರು ಕರೆಂಟ್ ಹೋದರೂ ಅಳಿಯದ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಹಾಗೆ ಅಳಿಯುವಂತಿದ್ದರೆ ಕಳ್ಳನಿಗೆ ಒಂದು ಸ್ಪ್ಯಾನರ್ ಸಾಕಾಗುತ್ತಿತ್ತು, ಅಲ್ವಾ?

ಈಗ ಮಾಡಬೇಕಾದ್ದು ಹುಡುಕುವ ಕೆಲಸ. ಎರಡು ಆಕಾರ ನೆನಪಿಡಿ. ಒಂದು, ಕಪ್ಪು ಬಣ್ಣದ ಚಪ್ಪಟೆ ತುಂಡು. ಸುಮಾರು 12 ಮಿಲಿಮೀಟರ್ ಉದ್ದ, 6 ಅಗಲ, 3 ದಪ್ಪ, ಒಂದು ತುದಿ ಸ್ವಲ್ಪ ಸಪೂರ. ನೋಡಿದರೆ ಯಾವುದೋ ಪ್ಲಾಸ್ಟಿಕ್ ಚೂರು ಅನಿಸುತ್ತದೆ. ಎಲೆಕ್ಟ್ರಾನಿಕ್ ವಸ್ತು ಅಂತ ಹೇಳುವಂಥದ್ದು ಅದರ ಮೇಲೆ ಏನೂ ಇರುವುದಿಲ್ಲ, ಕಾಲು ಇಲ್ಲ, ತಂತಿ ಇಲ್ಲ. ಎರಡು, ಗಾಜಿನ ಸಣ್ಣ ಕೊಳವೆ. ಅದರೊಳಗೆ ಕೂದಲಿನಷ್ಟು ತೆಳುವಾದ ತಾಮ್ರದ ತಂತಿ ಸುತ್ತಿರುವುದು ಕಣ್ಣಿಗೇ ಕಾಣುತ್ತದೆ.

ಮೊದಲು ಒಡೆದ ಹಿಡಿಯ ಎರಡೂ ಹೋಳುಗಳ ಒಳಭಾಗ ನೋಡಿ. ಬೋರ್ಡ್ ಕೂರುವ ಜಾಗದ ಪಕ್ಕ, ಬ್ಲೇಡ್ ಬುಡದ ಹತ್ತಿರ, ಆಯತಾಕಾರದ ಪುಟ್ಟ ಗೂಡು ಇದೆಯಾ? ಅಂಟಿನ ಗುರುತು ಇದೆಯಾ? ಗೂಡು ಖಾಲಿ ಇದ್ದರೆ ಚಿಪ್ ಕಾರಿನಲ್ಲೇ ಎಲ್ಲೋ ಬಿದ್ದಿದೆ. ಸ್ಟೀರಿಂಗ್ ಕೆಳಗಿನ ಮ್ಯಾಟ್, ಪೆಡಲ್ ಹಿಂದೆ, ಸೀಟಿನ ಹಳಿಯ ಸಂದಿ, ಸ್ಟೀರಿಂಗ್ ಕಾಲಮ್ ಕವರಿನ ಮೇಲೆ, ಎಲ್ಲ ಕಡೆ ಟಾರ್ಚ್ ಹಾಕಿ ನೋಡಿ. ವ್ಯಾಕ್ಯೂಮ್ ಮಾತ್ರ ಹಾಕಬೇಡಿ. ಹುಡುಕುವಾಗ ಸೀಟನ್ನು ಹಿಂದೆ ಮುಂದೆ ತಳ್ಳಬೇಡಿ, ಗಾಜಿನದಾದರೆ ಹಳಿಗೆ ಸಿಕ್ಕಿ ಪುಡಿಯಾಗುತ್ತದೆ.

ಸಿಕ್ಕರೆ ತಿಳಿಸಿ. ಮುಂದಿನದ್ದು ಆಮೇಲೆ ಹೇಳುತ್ತೇನೆ. ಇನ್ನೊಂದು ಮಾತು: ಮುರಿದ ಹಿಡಿಯನ್ನು ಕಸಕ್ಕೆ ಹಾಕಬೇಡಿ. ಚಿಪ್ ಒಳಗಿದ್ದ ಹಿಡಿಯನ್ನೇ ಎಸೆದು, ಹೊಸ ಹಿಡಿಗೆ ಬೋರ್ಡ್ ಹಾಕಿಕೊಂಡು, ಗಾಡಿ ಸ್ಟಾರ್ಟ್ ಆಗುತ್ತಿಲ್ಲ ಎಂದು ಬರುವವರನ್ನು ನೋಡುತ್ತಲೇ ಇರುತ್ತೇನೆ. ಸಂಕಟವಾಗುತ್ತದೆ.

ಹಳೇಗಾಡಿ

ಸಿಕ್ಕಿತು! ಬ್ರೇಕ್ ಪೆಡಲ್ ಹಿಂದೆ, ಮ್ಯಾಟಿನ ಅಂಚಿನಲ್ಲಿ ಬಿದ್ದಿತ್ತು. ನೀವು ಹೇಳಿದ ಹಾಗೇ ಕಪ್ಪು ಚಪ್ಪಟೆ ತುಂಡು, ಒಂದು ಬದಿಯಲ್ಲಿ ಹಳದಿ ಅಂಟು ಹತ್ತಿದೆ. ಹಿಡಿಯ ಹೋಳಿನಲ್ಲಿ ಅದರದ್ದೇ ಅಳತೆಯ ಗೂಡೂ ಇದೆ. ನೀವು ಹೇಳದಿದ್ದರೆ ನಾನು ಅದನ್ನು ಖಂಡಿತ ಎತ್ತಿ ಹೊರಗೆ ಬಿಸಾಡುತ್ತಿದ್ದೆ.

ಈಗ ಏನು ಮಾಡಲಿ? ಇದು ಕೆಟ್ಟಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ?

ಕೀ ಕೆಲಸ

ಬಹಳ ಸಂತೋಷ. ಕಪ್ಪು ತುಂಡು ಗಾಜಿನಷ್ಟು ಸೂಕ್ಷ್ಮ ಅಲ್ಲ, ಬಿದ್ದ ಮಾತ್ರಕ್ಕೆ ಸಾಯುವುದಿಲ್ಲ. ಮೈಮೇಲೆ ಬಿರುಕು ಇದೆಯಾ ಎಂದು ಬೆಳಕಿಗೆ ಹಿಡಿದು ನೋಡಿ.

ಪರೀಕ್ಷೆ ಸುಲಭ. ಬ್ಲೇಡನ್ನು ಇಗ್ನಿಷನ್‌ಗೆ ಹಾಕಿ. ಚಿಪ್ಪನ್ನು ಬ್ಲೇಡ್ ಬುಡಕ್ಕೆ, ಲಾಕ್ ಬಾಯಿಯ ಉಂಗುರಕ್ಕೆ ಆದಷ್ಟು ಹತ್ತಿರ, ಸ್ವಲ್ಪ ಟೇಪಿನಿಂದ ಅಂಟಿಸಿ. ಇಕ್ಕಳದಿಂದ ನಿಧಾನವಾಗಿ ಆನ್ ಮಾಡಿ. ಮಿನುಗುತ್ತಿದ್ದ ಕೀ ಲೈಟ್ ಆರಿದರೆ ಚಿಪ್ ಬದುಕಿದೆ. ಆಮೇಲೆ ಸ್ಟಾರ್ಟ್ ಮಾಡಿ. ಒಂದೆರಡು ಸೆಂಟಿಮೀಟರ್ ಆಚೆ ಹೋದರೂ ಓದದೇ ಇರಬಹುದು, ಹಾಗಾಗಿ ಮೊದಲ ಸಲಕ್ಕೇ ಆಗಲಿಲ್ಲ ಎಂದು ಕೈಚೆಲ್ಲಬೇಡಿ. ಚಿಪ್ಪನ್ನು ಅಡ್ಡ, ಉದ್ದ ತಿರುಗಿಸಿ ನೋಡಿ. ಹತ್ತಿರದಲ್ಲಿ ಬೇರೆ ಗಾಡಿಯ ಚಿಪ್ ಕೀ ಇದ್ದರೆ ದೂರ ಇಡಿ. ಎರಡು ಚಿಪ್ ಒಟ್ಟಿಗೆ ಉತ್ತರ ಕೊಟ್ಟರೆ ಕಾರಿಗೆ ಯಾವುದೂ ಅರ್ಥವಾಗುವುದಿಲ್ಲ.

ಕೆಲಸ ಮಾಡಿತು ಅನ್ನಿ. ಆಗ ನಿಮಗೆ ಬೇಕಾದ್ದು ಖಾಲಿ ಹಿಡಿ ಮಾತ್ರ. ಪ್ರೋಗ್ರಾಮಿಂಗ್ ಬೇಡ, ಕಂಪ್ಯೂಟರ್ ಬೇಡ. ಕಾರಿಗೆ ಪ್ಲಾಸ್ಟಿಕ್ ಯಾವುದಾದರೂ ಒಂದೇ, ಅದು ನೋಡುವುದು ಚಿಪ್ಪನ್ನು.

ಹಿಡಿ ತರಿಸುವ ಮುನ್ನ ಹಳೆಯದನ್ನು ಮುಂದಿಟ್ಟುಕೊಂಡು ಫೋಟೋದ ಜೊತೆ ಹೋಲಿಸಿ. ಹೊರಗಿನ ಆಕಾರ ಒಂದೇ ಇದ್ದರೂ ಒಳಗೆ ಬೋರ್ಡ್ ಕೂರುವ ಗೂಟಗಳು ಬೇರೆ ಇರುತ್ತವೆ. ಬಟನ್ ಜಾಗ, ಬ್ಯಾಟರಿ ಯಾವ ಬದಿಗೆ ಬರುತ್ತದೆ, ಚಿಪ್ ಗೂಡು ಇದೆಯಾ, ಇವನ್ನು ನೋಡಲೇಬೇಕು. ಎಷ್ಟೋ ಅಗ್ಗದ ಹಿಡಿಗಳಲ್ಲಿ ಚಿಪ್ ಗೂಡನ್ನೇ ಕೊಟ್ಟಿರುವುದಿಲ್ಲ. ಬ್ಲೇಡಿನ ವಿಷಯ ಇನ್ನೂ ಮುಖ್ಯ. ಆನ್‌ಲೈನ್ ಹಿಡಿಯ ಜೊತೆ ಬರುವ ಬ್ಲೇಡ್ ಹಲ್ಲು ಕತ್ತರಿಸದ ಖಾಲಿ ಲೋಹ. ಅದರ ಉದ್ದುದ್ದ ಗೆರೆ ನಿಮ್ಮ ಬ್ಲೇಡಿನದ್ದೇ ಇರಬೇಕು, ಇಲ್ಲದಿದ್ದರೆ ಲಾಕ್ ಬಾಯೊಳಗೇ ಹೋಗುವುದಿಲ್ಲ.

ನಿಮ್ಮ ಹಳೆಯ ಬ್ಲೇಡ್ ಬುಡ ಸಮೇತ ಚೆನ್ನಾಗಿದ್ದರೆ ಮತ್ತು ಹೊಸ ಹಿಡಿಯಲ್ಲಿ ಬ್ಲೇಡ್ ಸ್ಕ್ರೂ ಅಥವಾ ಪಿನ್ನಿನಿಂದ ನಿಂತಿದ್ದರೆ, ಹಳೆಯ ಬ್ಲೇಡನ್ನೇ ಅಲ್ಲಿಗೆ ದಾಟಿಸಬಹುದು. ಅಚ್ಚಿನಲ್ಲೇ ಸೇರಿಸಿ ಎರಕ ಹೊಯ್ದಿದ್ದರೆ ಹೊಸ ಬ್ಲೇಡನ್ನು ಕತ್ತರಿಸಿಕೊಳ್ಳಬೇಕು.

ಕತ್ತರಿಸುವ ವಿಷಯದಲ್ಲಿ ನನ್ನದು ಒಂದು ಹಟ ಇದೆ. ಸಾಧ್ಯವಾದರೆ ಹಳೆಯ ಬ್ಲೇಡನ್ನು ನೋಡಿ ನಕಲು ಮಾಡಿಸಬೇಡಿ. ಹತ್ತು ವರ್ಷ ಉಜ್ಜಿದ ಬ್ಲೇಡಿನ ಹಲ್ಲುಗಳ ಮೂಲೆ ದುಂಡಗಾಗಿರುತ್ತದೆ. ನಕಲು ಮಾಡಿದರೆ ಆ ಸವೆತವೂ ನಕಲಾಗುತ್ತದೆ, ಮೇಲೆ ಯಂತ್ರದ ತಪ್ಪೂ ಸೇರುತ್ತದೆ. ಅಂಥ ಬ್ಲೇಡ್ ಹಾಕಿದರೆ ಲಾಕ್ ಸಲೀಸಾಗಿ ತಿರುಗದೆ ಜೋರು ಮಾಡಬೇಕಾಗುತ್ತದೆ. ಜೋರು ಮಾಡಿದ್ದಕ್ಕೇ ಹಿಡಿ ಒಡೆಯುವುದು. ಹೊಸ ಕಾರಿನ ಜೊತೆ ಕೀಗೆ ಕಟ್ಟಿ ಒಂದು ಲೋಹದ ಅಥವಾ ಪ್ಲಾಸ್ಟಿಕ್ ಬಿಲ್ಲೆ ಕೊಡುತ್ತಾರೆ, ಅದರ ಮೇಲೆ ಕೀ ಕೋಡ್ ಇರುತ್ತದೆ. ಆ ಕೋಡ್ ಇದ್ದರೆ ಪ್ರತಿ ಹಲ್ಲನ್ನೂ ಕಾರ್ಖಾನೆಯ ಆಳಕ್ಕೇ ಕತ್ತರಿಸಬಹುದು. ಬಿಲ್ಲೆ ಇಲ್ಲದಿದ್ದರೂ ಒಳ್ಳೆಯ ಕೆಲಸಗಾರರು ಹಳೆಯ ಬ್ಲೇಡಿನ ಹಲ್ಲುಗಳನ್ನು ಅಳೆದು, ಪ್ರತಿಯೊಂದೂ ಮೂಲದಲ್ಲಿ ಯಾವ ಆಳಕ್ಕೆ ಇದ್ದಿರಬೇಕು ಎಂದು ಲೆಕ್ಕ ಹಾಕಿ ಕೋಡ್ ಕಂಡುಹಿಡಿಯುತ್ತಾರೆ. ನೇರವಾಗಿ ಕೇಳಿ: ನಕಲು ಮಾಡುತ್ತೀರಾ, ಕೋಡಿನಿಂದ ಕತ್ತರಿಸುತ್ತೀರಾ?

ಜೋಡಿಸುವಾಗ ಸೂಪರ್ ಗ್ಲೂ ಬೇಡ. ನೀರಿನಂತೆ ಹರಿದು ಬಟನ್ ಸ್ವಿಚ್ ಒಳಗೆ, ಬ್ಯಾಟರಿ ತಗಡಿನ ಕೆಳಗೆ ಹೋಗಿ ಕೂರುತ್ತದೆ. ಚಿಪ್ಪನ್ನು ಗೂಡಿನಲ್ಲಿ ನಿಲ್ಲಿಸಲು ಬಟಾಣಿ ಕಾಳಿಗಿಂತ ಚಿಕ್ಕ ಎಪಾಕ್ಸಿ ಹನಿ ಸಾಕು. ಕಲಸಿ ಸ್ವಲ್ಪ ಗಟ್ಟಿಯಾದ ಮೇಲೆ ಹಾಕಿ. ಹಿಡಿ ಮುಚ್ಚುವ ಮೊದಲೇ ಎಂಜಿನ್ ಸ್ಟಾರ್ಟ್ ಮಾಡಿ ನೋಡಿ, ಬಟನ್ ಒತ್ತಿ ನೋಡಿ. ಆಮೇಲೆ ಮುಚ್ಚಿ.

ಬ್ಯಾಟರಿಯನ್ನೂ ಈಗಲೇ ಹೊಸದು ಹಾಕಿಬಿಡಿ, ಹೇಗೂ ತೆರೆದಿದೆ. ಹಳೆಯದರ ಮೇಲಿನ ಸಂಖ್ಯೆಯನ್ನೇ ತನ್ನಿ. ಸಿಆರ್2032 ಅಂದರೆ 20 ಮಿಲಿಮೀಟರ್ ವ್ಯಾಸ, 3.2 ದಪ್ಪ. ಅದರ ಬದಲು ಸಿಆರ್2025 ಹಾಕಿದರೆ ವೋಲ್ಟೇಜ್ ಅದೇ 3 ಆದರೂ ದಪ್ಪ ಕಡಿಮೆ. ತಗಡಿಗೆ ಸರಿಯಾಗಿ ತಾಗದೆ ರಿಮೋಟ್ ಒಮ್ಮೆ ನಡೆದು ಒಮ್ಮೆ ನಿಲ್ಲುತ್ತದೆ.

ಸೋಲ್ಡರ್ ಕಡ್ಡಿ

ಒಳ್ಳೆಯ ವಿವರಣೆ. ಬೇರೆ ಮಾದರಿಯ ಕೀ ಇರುವವರು ಇದನ್ನು ಓದಿ ಎಡವಬಾರದು ಅಂತ ಎರಡು ಮಾತು ಸೇರಿಸುತ್ತೇನೆ. ಎಷ್ಟೋ ರಿಮೋಟ್ ಕೀಗಳಲ್ಲಿ ಚಿಪ್ ಬೇರೆ ತುಂಡಾಗಿ ಇರುವುದಿಲ್ಲ, ಬೋರ್ಡ್ ಮೇಲಿನ ಐಸಿಯೊಳಗೇ ಇರುತ್ತದೆ. ಪಕ್ಕದಲ್ಲಿ ಕಪ್ಪು ಪೆಟ್ಟಿಗೆಯಂಥ ಪುಟ್ಟ ಸುರುಳಿಯೊಂದನ್ನು ಬೆಸುಗೆ ಹಾಕಿರುತ್ತಾರೆ, ಅದೇ ಅದರ ಆಂಟೆನಾ. ಕೀ ಬಿದ್ದು ಬಿದ್ದು ಆ ಸುರುಳಿಯ ಬೆಸುಗೆ ಬಿರುಕು ಬಿಟ್ಟರೆ ಬಾಗಿಲು ತೆರೆಯುತ್ತದೆ, ಎಂಜಿನ್ ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಭೂತಕನ್ನಡಿ ಹಿಡಿದರೆ ಬೆಸುಗೆಯ ಸುತ್ತ ಕೂದಲೆಳೆಯಂಥ ಉಂಗುರ ಕಾಣುತ್ತದೆ. ಸಣ್ಣ ಮೊನೆಯ ಸೋಲ್ಡರಿಂಗ್ ಐರನ್‌ನಿಂದ ಎರಡೂ ತುದಿ ಕರಗಿಸಿದರೆ ಸಾಕು. ಬಟನ್ ಸ್ವಿಚ್ ಕಿತ್ತುಬಂದಿದ್ದರೂ ಹೀಗೇ ಸರಿಮಾಡಬಹುದು. ಬೋರ್ಡ್ ಬದಲಿಸಬೇಕಾಗಿಲ್ಲ.

ಹಳೇಗಾಡಿಯವರಿಗೆ ಒಂದು ಸಲಹೆ. ಆ ಚಿಪ್ಪನ್ನು ಸ್ಟೀರಿಂಗ್ ಕಾಲಮ್ ಕವರ್ ಒಳಗೆ, ಉಂಗುರದ ಪಕ್ಕ ಶಾಶ್ವತವಾಗಿ ಅಂಟಿಸಿಬಿಟ್ಟರೆ ಆಯಿತಲ್ಲ? ಆಮೇಲೆ ಸಾದಾ ಲೋಹದ ಕೀ ಸಾಕು.

ಕೀ ಕೆಲಸ

ಬೆಸುಗೆಯ ವಿಷಯ ಸರಿಯಾಗಿ ಹೇಳಿದಿರಿ, ಧನ್ಯವಾದ. ಅಂಟಿಸುವ ಸಲಹೆ ಮಾತ್ರ ನಾನು ಒಪ್ಪುವುದಿಲ್ಲ. ಗಾಡಿ ಸ್ಟಾರ್ಟ್ ಆಗುತ್ತದೆ, ನಿಜ. ಆದರೆ ಇಮ್ಮೊಬಿಲೈಜರ್ ಅನ್ನುವುದೇ ಆ ಗಾಡಿಯಲ್ಲಿ ಇಲ್ಲದಂತಾಗುತ್ತದೆ. ಲಾಕ್ ತಿರುಗಿಸಲು ಬಂದವರೆಲ್ಲ ಓಡಿಸಿಕೊಂಡು ಹೋಗಬಹುದು. ಬ್ರಿಟನ್‌ನಲ್ಲಿ 1998ರಿಂದ, ಆಸ್ಟ್ರೇಲಿಯಾದಲ್ಲಿ 2001ರಿಂದ, ಕೆನಡಾದಲ್ಲಿ 2007ರಿಂದ ಹೊಸ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿದ್ದು ಸುಮ್ನೆ ಅಲ್ಲ. ತಂತಿ ಜೋಡಿಸಿ ಗಾಡಿ ಕದಿಯುವುದನ್ನು ನಿಜವಾಗಿ ತಡೆದ ವಸ್ತು ಇದು. ಗಾಡಿ ಕಳುವಾಗಿ, ವಿಮೆಯವರು ಚಿಪ್ ಒಳಗೇ ಅಂಟಿಸಿತ್ತು ಎಂದು ಕಂಡುಕೊಂಡರೆ ಅದೂ ತಲೆನೋವು. ಟೇಪ್ ಹಾಕಿ ಮನೆಗೆ ಹೋಗಿ, ಬೇಡ ಅನ್ನುವುದಿಲ್ಲ. ಅಲ್ಲಿಗೆ ನಿಲ್ಲಿಸಿ.

ಹಳೇಗಾಡಿ

ಟೇಪ್ ಹಾಕಿ ನೋಡಿದೆ. ಲೈಟ್ ಆರಿತು, ಎಂಜಿನ್ ಸ್ಟಾರ್ಟ್ ಆಯಿತು, ನಿಲ್ಲಲಿಲ್ಲ. ಗಾಡಿ ಈಗ ಮನೆಯಲ್ಲಿದೆ. ಚಿಪ್ ಗೂಡು ಇರುವ, ಬ್ಲೇಡ್ ಸ್ಕ್ರೂನಿಂದ ನಿಲ್ಲುವ ಹಿಡಿಯನ್ನು ಫೋಟೋ ಹೋಲಿಸಿ ಆರ್ಡರ್ ಮಾಡಿದ್ದೇನೆ. ನಿಮ್ಮ ಋಣ ದೊಡ್ಡದು.

ಇನ್ನೊಂದು ಸಂದೇಹ. ಒಂದೇ ಕೀ ಇಟ್ಟುಕೊಂಡು ಇಷ್ಟು ದಿನ ಹೇಗೋ ನಡೆಯಿತು. ಎರಡನೇ ಕೀ ಮಾಡಿಸೋಣ ಅಂತಿದ್ದೇನೆ. ಹಳೆಯ ಗಾಡಿಗಳಿಂದ ಬಿಚ್ಚಿದ ರಿಮೋಟ್ ಕೀ ಅಗ್ಗಕ್ಕೆ ಸಿಗುತ್ತದೆ, ಅದನ್ನು ತಗೊಂಡು ಪ್ರೋಗ್ರಾಮ್ ಮಾಡಿಸಬಹುದಾ? ಕ್ಲೋನ್ ಅಂದರೇನು, ಪ್ರೋಗ್ರಾಮ್ ಅಂದರೇನು?

ಕೀ ಕೆಲಸ

ಇದನ್ನು ನೀವೇ ಕೇಳಿದ್ದು ಒಳ್ಳೆಯದಾಯಿತು. ನೀವು ಕೇಳದಿದ್ದರೂ ನಾನು ಹೇಳುವವನಿದ್ದೆ. ಎರಡನೇ ಕೀ ಈಗಲೇ ಮಾಡಿಸಿ. ಕೆಲಸ ಮಾಡುವ ಒಂದು ಕೀ ಕೈಯಲ್ಲಿದ್ದಾಗ ಇದು ಚಿಕ್ಕ ಕೆಲಸ. ಇದೂ ಹೋಯಿತು ಅನ್ನಿ, ಆಗ ಕೆಲಸದ ಸ್ವರೂಪವೇ ಬದಲಾಗುತ್ತದೆ. ಕೆಲವು ಗಾಡಿಗಳಲ್ಲಿ ಇಮ್ಮೊಬಿಲೈಜರ್ ಪೆಟ್ಟಿಗೆಯನ್ನೋ ಮೀಟರ್ ಕ್ಲಸ್ಟರನ್ನೋ ಬಿಚ್ಚಿ, ಅದರೊಳಗಿನ ಎಂಟು ಕಾಲಿನ ಮೆಮೊರಿ ಐಸಿಯನ್ನು ಓದಿ, ಹೊಸ ಕೀಗೆ ಜಾಗ ಮಾಡಬೇಕು. ಅದೂ ಆಗದ ಕೆಲಸ ಅಲ್ಲ, ಗಮನಿಸಿ. ಎಲ್ಲ ಕೀ ಕಳೆದುಹೋದಾಗಲೂ ಸಾಮಾನ್ಯವಾಗಿ ಇಸಿಯು ಬದಲಿಸದೆ ದಾರಿ ಇರುತ್ತದೆ. ಬೇರೆ ಗಾಡಿಯ ಇಸಿಯು ತಂದು ಹಾಕಿದರಂತೂ ಅದು ತನ್ನ ಹಳೆಯ ಇಮ್ಮೊಬಿಲೈಜರನ್ನೇ ಹುಡುಕುತ್ತದೆ, ಮತ್ತೆ ಹೊಂದಿಸುವ ಕೆಲಸ ತಪ್ಪುವುದಿಲ್ಲ.

ಕ್ಲೋನ್ ಅಂದರೆ ನಿಮ್ಮ ಚಿಪ್ಪಿನ ಗುರುತನ್ನೇ ಇನ್ನೊಂದು ವಿಶೇಷ ಚಿಪ್ಪಿಗೆ ಬರೆಯುವುದು. ಕಾರನ್ನು ಮುಟ್ಟುವ ಅಗತ್ಯವೇ ಇಲ್ಲ. ಕಾರಿಗೆ ಎರಡು ಕೀ ಇದೆ ಎಂದೂ ಗೊತ್ತಾಗುವುದಿಲ್ಲ. ಪ್ರೋಗ್ರಾಮ್ ಅಂದರೆ ಬೇರೆ ಗುರುತಿನ ಹೊಸ ಚಿಪ್ಪನ್ನು ಕಾರಿಗೆ ಪರಿಚಯಿಸುವುದು. ಒಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರ್ ಜೊತೆ ಮಾತಾಡುವ ಕಿಂಡಿ) ಯಂತ್ರ ಜೋಡಿಸಿ, ಹೆಚ್ಚಿನ ಗಾಡಿಗಳಲ್ಲಿ ಪಿನ್ ಕೋಡ್ ಕೊಟ್ಟು, ಕಾರಿನ ಪಟ್ಟಿಗೆ ಆ ಕೀ ಸೇರಿಸುತ್ತಾರೆ.

ಚಿಪ್ಪಿನಲ್ಲೂ ಜಾತಿಗಳಿವೆ. ತೀರಾ ಹಳೆಯವು ಕೇಳಿದಾಗಲೆಲ್ಲ ಒಂದೇ ಸಂಖ್ಯೆ ಹೇಳುತ್ತವೆ, ಅವನ್ನು ನಕಲು ಮಾಡುವುದು ಸುಲಭ. ಆಮೇಲೆ ಬಂದವು ಜಾಣ. ಕಾರು ಪ್ರತಿ ಸಲ ಹೊಸ ಸಂಖ್ಯೆಯೊಂದನ್ನು ಕೊಡುತ್ತದೆ, ಚಿಪ್ ತನ್ನೊಳಗಿನ ಗುಟ್ಟಿನ ಸಂಖ್ಯೆಯಿಂದ ಲೆಕ್ಕ ಮಾಡಿ ಉತ್ತರಿಸುತ್ತದೆ. ಕಾರು ಅದೇ ಲೆಕ್ಕವನ್ನು ತಾನೂ ಮಾಡಿ ಹೋಲಿಸುತ್ತದೆ. ಗುಟ್ಟು ಗಾಳಿಯಲ್ಲಿ ಹರಿಯುವುದೇ ಇಲ್ಲ. ಆದರೂ ಇವನ್ನು ಕ್ಲೋನ್ ಮಾಡಲು ಬರುವುದು ಹೇಗೆ ಅಂದರೆ, ಆ ಲೆಕ್ಕದ ವಿಧಾನಗಳಲ್ಲೇ ಬಲ ಸಾಲದಾಗಿತ್ತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಡಿಎಸ್‌ಟಿ ಚಿಪ್ಪಿನ ಗುಟ್ಟು 40 ಬಿಟ್ ಮಾತ್ರ. 2005ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಮತ್ತು ಆರ್‌ಎಸ್‌ಎ ಲ್ಯಾಬೊರೇಟರೀಸ್ ಸಂಶೋಧಕರು ಅದನ್ನು ಭೇದಿಸಿ ತೋರಿಸಿದರು. ನಾವು ಐಡಿ46 ಅನ್ನುವ ಹಿಟ್ಯಾಗ್ 2 ಚಿಪ್ಪಿನದ್ದು 48 ಬಿಟ್, ಅದರ ದೌರ್ಬಲ್ಯದ ಪ್ರಬಂಧ 2012ರಲ್ಲಿ ಬಂತು. ಐಡಿ48 ಅನ್ನುವ ಮೆಗಾಮೋಸ್ ಕ್ರಿಪ್ಟೊ 96 ಬಿಟ್ ಇದ್ದರೂ ಉಳಿಯಲಿಲ್ಲ. ಆ ಸಂಶೋಧನೆ ಪ್ರಕಟವಾಗದಂತೆ 2013ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ ತಡೆ ಕೊಟ್ಟಿತ್ತು, ಕೊನೆಗೆ 2015ರಲ್ಲಿ ಹೊರಬಂತು.

ನಿಮ್ಮದು ಯಾವ ಜಾತಿ ಎಂದು ಕಣ್ಣಿಂದ ನೋಡಿ ಹೇಳಲಾಗದು. ಕೀ ಮಾಡುವವರ ಬಳಿ ಇರುವ ರೀಡರ್ ಮೇಲೆ ಇಟ್ಟರೆ ಕ್ಷಣದಲ್ಲಿ ಗೊತ್ತಾಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಎರಡೂ ದಾರಿ ಇರುವಾಗ ಪ್ರೋಗ್ರಾಮ್ ಮಾಡಿಸುವುದೇ ಮೇಲು. ಕ್ಲೋನ್ ಮಾಡಿದ ಎರಡು ಕೀಗಳು ಕಾರಿನ ಲೆಕ್ಕದಲ್ಲಿ ಒಂದೇ ಕೀ. ನಾಳೆ ಒಂದು ಕಳೆದುಹೋದರೆ ಅದನ್ನು ಮಾತ್ರ ಪಟ್ಟಿಯಿಂದ ತೆಗೆಯಲು ಬರುವುದಿಲ್ಲ, ಕೈಯಲ್ಲಿರುವುದೂ ಜೊತೆಗೇ ಹೋಗುತ್ತದೆ.

ಬಿಚ್ಚಿದ ರಿಮೋಟ್ ಕೀ ತಗೋಬೇಡಿ. ಎಷ್ಟೋ ಚಿಪ್‌ಗಳು ಒಮ್ಮೆ ಒಂದು ಕಾರಿಗೆ ಸೇರಿದ ಮೇಲೆ ಬೀಗ ಹಾಕಿಕೊಳ್ಳುತ್ತವೆ, ಇನ್ನೊಂದು ಕಾರು ಅವನ್ನು ಸ್ವೀಕರಿಸುವುದಿಲ್ಲ. ಕೆಲವನ್ನು ಮತ್ತೆ ಹೊಸದರಂತೆ ಮಾಡಲು ಬರುತ್ತದೆ, ಎಲ್ಲವನ್ನೂ ಅಲ್ಲ. ಹೊಸ ರಿಮೋಟ್ ಕೊಳ್ಳುವಾಗಲೂ ಮೂರು ವಿಷಯ ಹೊಂದಬೇಕು: ಚಿಪ್ಪಿನ ಜಾತಿ, ರಿಮೋಟಿನ ಮೆಗಾಹರ್ಟ್ಸ್, ಬ್ಲೇಡಿನ ಗೆರೆ. ಫೋಕ್ಸ್‌ವ್ಯಾಗನ್ ಬಳಗದ ಕೆಲವು ಗಾಡಿಗಳಿಗೆ ಐಡಿ48 ಚಿಪ್ಪೇ ಆದರೂ ಆಯಾ ಬ್ರ್ಯಾಂಡಿಗೆ ಮೊದಲೇ ಕೋಡ್ ಬರೆದದ್ದು ಬೇಕು. ಸ್ಕೋಡಾದ್ದು ಆಡಿಗೆ ನಡೆಯುವುದಿಲ್ಲ.

ಪ್ರೋಗ್ರಾಮ್ ಮಾಡಿಸಲು ಹೋಗುವಾಗ ಇರುವ ಎಲ್ಲ ಕೀಗಳನ್ನೂ ತೆಗೆದುಕೊಂಡು ಹೋಗಬೇಕು. ಇದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ. ಬಹಳಷ್ಟು ಗಾಡಿಗಳಲ್ಲಿ ಹೊಸ ಕೀ ಸೇರಿಸುವಾಗ ಹಳೆಯ ಪಟ್ಟಿ ಪೂರ್ತಿ ಅಳಿದು ಹೊಸದಾಗಿ ಶುರುವಾಗುತ್ತದೆ. ಮನೆಯಲ್ಲಿ ಬಿಟ್ಟುಬಂದ ಕೀ ಆ ದಿನದಿಂದ ಬಾಗಿಲು ತೆರೆಯಬಹುದು, ಎಂಜಿನ್ ಸ್ಟಾರ್ಟ್ ಮಾಡುವುದಿಲ್ಲ. ಗಾಡಿಯ ದಾಖಲೆ ಮತ್ತು ನಿಮ್ಮ ಗುರುತಿನ ಚೀಟಿಯೂ ಇರಲಿ. ಅವನ್ನು ಕೇಳದೆ ಕೀ ಮಾಡಿಕೊಡುವವರ ಬಳಿ ನಾನಂತೂ ಹೋಗುವುದಿಲ್ಲ. ಪಿನ್ ಕೋಡ್ ಬೇಕಾದರೆ, ಮಾಲೀಕತ್ವದ ದಾಖಲೆ ತೋರಿಸಿದಾಗ ಚಾಸಿಸ್ ನಂಬರ್ ಮೇಲೆ ತಯಾರಕರ ಕಡೆಯಿಂದ ಪಡೆಯಲು ಅವಕಾಶ ಇರುತ್ತದೆ. ಹಳೆಯ ಫಿಯಾಟ್‌ಗಳ ಜೊತೆ ಕೋಡ್ ಕಾರ್ಡ್ ಅಂತಲೇ ಬರುತ್ತಿತ್ತು, ಪಿನ್ ಅದರ ಮೇಲೇ ಇರುತ್ತಿತ್ತು. ಹಿಂದಿನ ಮಾಲೀಕರನ್ನು ಕೇಳಿ ನೋಡಿ. ಬಿಲ್ಲೆ, ಕಾರ್ಡ್, ಹಳೆಯ ಕೀ, ಏನಾದರೂ ಡ್ರಾಯರಿನಲ್ಲಿ ಉಳಿದಿರಬಹುದು.

ಎರಡನೇ ಗೇರ್

ಬ್ಯಾಟರಿ ವಿಷಯ ತಿಳಿಸಿದ್ದಕ್ಕೆ ಥ್ಯಾಂಕ್ಸ್. ನನ್ನದು ಬಟನ್ ಸ್ಟಾರ್ಟ್ ಗಾಡಿ, ಕೀ ಜೇಬಲ್ಲೇ ಇರುತ್ತದೆ. ಅಲ್ಲೂ ಬ್ಯಾಟರಿ ಸತ್ತರೆ ಸ್ಟಾರ್ಟ್ ಆಗುತ್ತದಾ? ಮತ್ತೆ ಯಂತ್ರ ಇಲ್ಲದೆ ನಾವೇ ಕೀ ಸೇರಿಸಿಕೊಳ್ಳಬಹುದು ಅಂತ ಎಲ್ಲೋ ಓದಿದ್ದೆ, ಅದು ನಿಜವಾ?

ಕೀ ಕೆಲಸ

ಆಗುತ್ತದೆ. ಸಾಮಾನ್ಯವಾಗಿ ಜೇಬಿನ ಕೀಯಲ್ಲೂ ಬ್ಯಾಟರಿ ಬೇಡದ ಚಿಪ್ ಇರುತ್ತದೆ. ಬ್ಯಾಟರಿ ಸತ್ತಾಗ ಕೀಯನ್ನು ಸ್ಟಾರ್ಟ್ ಬಟನ್‌ಗೇ ತಾಗಿಸಿ ಹಿಡಿದು ಒತ್ತಬೇಕು, ಅಥವಾ ಕನ್ಸೋಲ್‌ನಲ್ಲಿ ಅದಕ್ಕಂತ ಇರುವ ಜಾಗದಲ್ಲಿ ಇಡಬೇಕು. ಎಲ್ಲಿ ಎಂದು ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬರೆದಿರುತ್ತದೆ, ಈಗಲೇ ನೋಡಿಟ್ಟುಕೊಳ್ಳಿ. ಬಾಗಿಲು ತೆರೆಯಲು ಕೀ ಮೈಯೊಳಗೆ ಅಡಗಿಸಿಟ್ಟ ಚಿಕ್ಕ ಲೋಹದ ಬ್ಲೇಡ್ ಇರುತ್ತದೆ.

ನಾವೇ ಸೇರಿಸಿಕೊಳ್ಳುವುದೂ ಕೆಲವು ಗಾಡಿಗಳಲ್ಲಿ ನಿಜ. ಹಲವು ಫೋರ್ಡ್ ಮಾದರಿಗಳಲ್ಲಿ ಕೆಲಸ ಮಾಡುವ ಎರಡು ಕೀ ಇದ್ದರೆ ಅವನ್ನು ಒಂದಾದ ಮೇಲೊಂದು ಆನ್ ಮಾಡಿ, ಕೂಡಲೇ ಮೂರನೆಯದನ್ನು ಹಾಕಿದರೆ ಸೇರಿಕೊಳ್ಳುತ್ತದೆ. ಒಂದೇ ಕೀ ಇದ್ದರೆ ಈ ದಾರಿ ಮುಚ್ಚಿದೆ. ಹಳೆಯ ಟೊಯೋಟಾಗಳಲ್ಲಿ ಮಾಸ್ಟರ್ ಕೀ ಬೇರೆ, ವ್ಯಾಲೆ ಕೀ (ಗಾಡಿ ಪಾರ್ಕ್ ಮಾಡಲು ಬೇರೆಯವರಿಗೆ ಕೊಡುವುದು) ಬೇರೆ. ಮಾಸ್ಟರ್‌ನಿಂದ ಮಾತ್ರ ಹೊಸದನ್ನು ಸೇರಿಸಬಹುದು, ವ್ಯಾಲೆಯಿಂದ ಗಾಡಿ ಓಡಿಸಬಹುದು ಅಷ್ಟೇ.

ಹಳೇಗಾಡಿ

ಕೊನೆಯದಾಗಿ ಒಂದು. ಹಿಂದಿನ ಮಾಲೀಕರನ್ನು ಕೇಳಿದೆ. ಎರಡನೇ ಕೀ ಯಾವಾಗಲೋ ಕಳೆದುಹೋಗಿತ್ತಂತೆ, ಎಲ್ಲಿ ಎಂದು ಅವರಿಗೂ ಗೊತ್ತಿಲ್ಲ. ಅದು ಯಾರಿಗೋ ಸಿಕ್ಕಿದ್ದರೆ ನನ್ನ ಗಾಡಿ ತೆರೆದು ಓಡಿಸಬಹುದಲ್ಲ? ಲಾಕ್ ಬದಲಿಸಬೇಕಾ? ಅಂದಹಾಗೆ ಕೀ ಕೋಡಿನ ಬಿಲ್ಲೆ ಮಾತ್ರ ಅವರ ಬಳಿ ಇತ್ತು, ಕೊಟ್ಟರು.

ಕೀ ಕೆಲಸ

ಬಿಲ್ಲೆ ಸಿಕ್ಕಿದ್ದು ದೊಡ್ಡ ವಿಷಯ. ಎರಡನೇ ಕೀಯ ಬ್ಲೇಡನ್ನು ಅದರಿಂದಲೇ ಕತ್ತರಿಸಿಕೊಳ್ಳಿ. ಬಿಲ್ಲೆಯನ್ನು ಗಾಡಿಯೊಳಗೆ ಇಡಬೇಡಿ, ಫೋಟೋ ತೆಗೆದು ಎಲ್ಲೂ ಹಾಕಬೇಡಿ. ಆ ಸಂಖ್ಯೆ ಗೊತ್ತಿದ್ದವರು ನಿಮ್ಮ ಬಾಗಿಲಿನ ಕೀ ಕತ್ತರಿಸಿಕೊಳ್ಳಬಹುದು.

ಕಳೆದ ಕೀಯ ಬ್ಲೇಡ್ ಬಾಗಿಲು ತೆರೆಯುತ್ತದೆ, ಅದನ್ನು ತಡೆಯಬೇಕಾದರೆ ಲಾಕ್ ಒಳಗಿನ ತಗಡುಗಳನ್ನು ಬದಲಿಸಬೇಕು. ಅಷ್ಟು ಬೇಕಾ ಎನ್ನುವುದು ನಿಮಗೆ ಬಿಟ್ಟದ್ದು. ಎಂಜಿನ್ ಸ್ಟಾರ್ಟ್ ಆಗದಂತೆ ಮಾಡುವುದು ಮಾತ್ರ ಸುಲಭ, ಎರಡನೇ ಕೀ ಪ್ರೋಗ್ರಾಮ್ ಮಾಡಿಸುವ ದಿನವೇ ಆಗುತ್ತದೆ. ಈಗ ಪಟ್ಟಿಯಲ್ಲಿ ಎಷ್ಟು ಕೀ ಇವೆ ಎಂದು ಮೊದಲು ಓದಲು ಹೇಳಿ, ಹೆಚ್ಚಿನ ಯಂತ್ರಗಳು ತೋರಿಸುತ್ತವೆ. ನಿಮ್ಮ ಕೈಯಲ್ಲಿ ಒಂದೇ ಇದ್ದು ಅಲ್ಲಿ ಎರಡು ಅಂತ ಬಂದರೆ ಇನ್ನೊಂದು ಆ ಕಳೆದದ್ದೇ. ಹಳೆಯ ಪಟ್ಟಿ ಅಳಿಸಿ, ನಿಮ್ಮ ಎರಡು ಕೀಗಳನ್ನು ಮಾತ್ರ ಸೇರಿಸಲು ಹೇಳಿ. ರಿಮೋಟಿನ ಪಟ್ಟಿ ಸಾಮಾನ್ಯವಾಗಿ ಬೇರೆ ಇರುತ್ತದೆ, ಅದನ್ನೂ ಹಾಗೇ ಮಾಡಿಸಿ. ಹೊರಡುವ ಮುನ್ನ ಎರಡೂ ಕೀಗಳಿಂದ ಎಂಜಿನ್ ಸ್ಟಾರ್ಟ್ ಮಾಡಿ, ಒಂದು ನಿಮಿಷ ಓಡಲು ಬಿಡಿ, ಎರಡರ ಬಟನ್ನೂ ಒತ್ತಿ ನೋಡಿ. ಪಟ್ಟಿಯಲ್ಲಿ ಎರಡೇ ಇವೆ ಎಂದು ಯಂತ್ರದ ಪರದೆಯಲ್ಲಿ ತೋರಿಸಲು ಕೇಳಿ.